ಎರಡು ದೀಪದ ನಡುವೆ ಇಂಗ್ಲಿಷ್ ಮಾಸ್ತರ

ಗಜೇಂದ್ರಗಡದ ಕಾಶೀಂಸಾಬ ಯಾವ ಬ್ಯಾನರನ್ನೂ ಮೊದಲಿನಿಂದ ಮಾಡುವುದಿಲ್ಲ. ಹಿಂದಿನ ಗಿರಾಕಿಯ ಬ್ಯಾನರಿನಲ್ಲೇ ಫೋಟೋ ತೆಗೆದು ಫೋಟೋ ಇಡುತ್ತಾನೆ, ಅಕ್ಷರ ಅಳಿಸಿ ಅಕ್ಷರ ಕೂರಿಸುತ್ತಾನೆ. ನರೇಗಲ್ಲಿನ ಅನಂತ ಮಾಸ್ತರ ತನ್ನ ಇಂಗ್ಲಿಷ್ ಟ್ಯೂಷನ್ನಿಗೆ ಒಂದು ಜಾಹೀರಾತು ಮಾಡಿಕೊಡಲು ಹೇಳಿದಾಗ, ಕಾಶೀಂಸಾಬನ ಹಿಂದಿನ ಗಿರಾಕಿ ಆಗಷ್ಟೇ ತೀರಿಕೊಂಡಿದ್ದ ಒಬ್ಬ ಹಿರಿಯರು. ಫೋಟೋದ ಎರಡೂ ಬದಿಗೆ ಉರಿಯುತ್ತಿದ್ದ ದೀಪಗಳನ್ನು ತೆಗೆಯುವುದು ಕಾಶೀಂಸಾಬನಿಗೆ ಮರೆತುಹೋಯಿತು.

ಬೆಳಗ್ಗೆ ಆ ಚಿತ್ರವನ್ನು ಕಾಶೀಂಸಾಬನೇ ಟ್ಯೂಷನ್ನಿನ ಪಾಲಕರ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ದೀಪ ಕಂಡವರು ಕೆಳಗಿನ ಸಾಲು ಓದಲಿಲ್ಲ. ಅನಂತ ಹಲ್ಲುಜ್ಜುತ್ತ ಫೋನು ತೆರೆದರೆ, ಕೈಮುಗಿದ ಚಿತ್ರಗಳು ಸಂತೆಯ ಮೆಣಸಿನಕಾಯಿ ಚೀಲಗಳಂತೆ ಒಂದರ ಮೇಲೊಂದು ಒಟ್ಟಿದ್ದವು. ನಡುನಡುವೆ, ಆತ್ಮಕ್ಕೆ ಶಾಂತಿ ಸಿಗಲಿ ಎಂದು ಇಂಗ್ಲಿಷಿನಲ್ಲಿ ಹಾರೈಕೆ. ಯಾರ ಆತ್ಮ ಎಂದು ಹೊಳೆಯುವ ಮೊದಲೇ ಅನಂತನ ಕಣ್ಣಿಗೆ ಬಿದ್ದದ್ದು ಶಾಂತಿಯ ಸ್ಪೆಲಿಂಗು. ಮೊದಲಿನವರು ತಪ್ಪು ಬರೆದಿದ್ದರು, ಉಳಿದವರು ಅದನ್ನೇ ನಂಬಿಕೊಂಡು ಬರೆದಿದ್ದರು. ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಅವನು ಸರಿಯಾದ ಸ್ಪೆಲಿಂಗು ಹಾಕಿ, ಇನ್ನು ಮುಂದೆ ಗಮನಿಸಬೇಕು ಎಂದು ಸೇರಿಸಿದ.

ಕೈಮುಗಿದ ಚಿತ್ರಗಳು ಬರುವುದು ನಿಂತಿತು. ಆಮೇಲೆ ಯಾರೋ ಬರೆದರು: "ಸರ್ ಫೋನ ಈಗ ಯಾರ ಹಂತೇಕ ಐತ್ರಿ?"

ಅನಂತ ಮೇಲಕ್ಕೆ ಸರಿಸಿ ನೋಡಿದ. ದೀಪಗಳ ನಡುವೆ ತಾನೇ ಇದ್ದ.

ಕಾಶೀಂಸಾಬನಿಗೆ ಫೋನು ಮಾಡಿದರೆ ಅವನು, "ದೀಪ ಹಂಗ ಉಳದಾವೇನ್ರಿ? ಇರ್ಲಿ ಬಿಡ್ರಿ, ಮಾರಿಗೆ ಕಳೆ ಬಂದಿರತೈತಿ" ಎಂದ.

ಅನಂತನಿಗೆ ನಗುವಷ್ಟು ಪುರಸೊತ್ತು ಇರಲಿಲ್ಲ. ಗುಂಪಿಗೆ ಹೊಸದಾಗಿ ಸೇರಿದ್ದ ಅಸೂಟಿಯ ಪ್ರಭುಲಿಂಗಪ್ಪ ತಮ್ಮ ಓಣಿಯ ಮಕ್ಕಳನ್ನೆಲ್ಲ ಮರುದಿನದಿಂದ ಟ್ಯೂಷನ್ನಿಗೆ ಕಳಿಸುವುದಾಗಿ ಹೇಳಿದ್ದರು. ಆ ಮಕ್ಕಳು ಬರದಿದ್ದರೆ ಟ್ಯೂಷನ್ ಮುಚ್ಚುವುದೊಂದೇ ದಾರಿ. ಅವರಿಗೆ ಮತ್ತೆ ಮತ್ತೆ ಫೋನು ಹಚ್ಚಿದ. ಎತ್ತಲಿಲ್ಲ.

"ಸತ್ತಾರ ನಂಬರಿನಿಂದ ಫೋನ ಬಂದ್ರ ಯಾರ ಎತ್ತತಾರೋ ಯಪ್ಪಾ?" ಎಂದಳು ಪಕ್ಕದ ಮನೆಯ ಮುಮತಾಜಬಿ. ಸಾವಿನ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ ಎಂದು ಚಹಾ ತಂದಿದ್ದಳು. ಬಾಗಿಲು ತೆಗೆದದ್ದು ಅನಂತನೇ ಎಂದು ಕಂಡು ಒಂದು ಗಳಿಗೆ ನಿಂತಿದ್ದು, ಲೋಟವನ್ನು ಅವನಿಗೇ ಕೊಟ್ಟಿದ್ದಳು.

ಚಹಾ ಕುಡಿದು ಅನಂತ ಗುಂಪಿನಲ್ಲಿ ಇಂಗ್ಲಿಷಿನಲ್ಲೇ ಬರೆದ. ತಾನು ಬದುಕಿದ್ದೇನೆ, ಆರೋಗ್ಯವಾಗಿದ್ದೇನೆ, ಉಂಟಾದ ಗೊಂದಲಕ್ಕೆ ವಿಷಾದಿಸುತ್ತೇನೆ. ಅಲ್ಪವಿರಾಮ, ಪೂರ್ಣವಿರಾಮಗಳೆಲ್ಲ ಇಸ್ತ್ರಿ ಮಾಡಿದ ಅಂಗಿಯ ಗುಂಡಿಗಳಂತೆ ತಮ್ಮ ತಮ್ಮ ಜಾಗದಲ್ಲಿದ್ದವು.

"ಇದು ಎಐ ಅಂತಾರಲ್ಲ, ಆ ಮಷೀನ್ ಬರದದ್ದು," ಎಂದು ಲಕ್ಕಲಕಟ್ಟಿಯ ಭೀಮೇಶ ಉತ್ತರಿಸಿದ. ಅವನ ಮಗ ಟ್ಯೂಷನ್ನಿಗೆ ಬರುತ್ತಿದ್ದ. "ಜೀವ ಇದ್ದ ಮನಷ್ಯಾ ಇಷ್ಟ ಶುದ್ಧ ಬರಿಯಂಗಿಲ್ಲ."

ಅನಂತ ಇನ್ನೂ ಶುದ್ಧವಾಗಿ ಬರೆದ. ಜನರ ಅನುಮಾನ ಇನ್ನೂ ಗಟ್ಟಿಯಾಯಿತು. ಚಹಾದ ಲೋಟ ಹಿಡಿದು ಫೋಟೋ ಕಳಿಸಿದ. ಮಷೀನು ಫೋಟೋನೂ ಮಾಡತೈತಿ, ಚಹಾನೂ ಹಾಕತೈತಿ ಎಂದು ಭೀಮೇಶ ತಿಳಿಸಿಕೊಟ್ಟ.

ಮುಮತಾಜಬಿಯ ಮಗಳು ಫರ್ಜಾನಾ ಅನಂತನ ಹತ್ತಿರವೇ ಕಲಿಯುವವಳು. ತಾಯಿಯ ಹಿಂದಿನಿಂದ ಇಣುಕಿ, "ಸರ್, ನೆಟ್‌ನ್ಯಾಗ ಎಲ್ಲಾರೂ ಬರಿತಾರಲ್ಲ, ಹಂಗ ಬರೀರಿ. ನಾಕ ತಪ್ಪ ಹಾಕ್ರಿ, ನಂಬತಾರ" ಎಂದಳು.

"ನೀ ಹಂಗ ಬರದ್ರ ನಾ ಬೈತಿದ್ನಲ್ಲ?"

"ನಾ ಬರದ್ರ ಈಕಿಗೆ ಬರಂಗಿಲ್ಲ ಅಂತಾರ್ರಿ. ನೀವು ಬರದ್ರ ಸರ್ ಇನ್ನೂ ಅದಾರ ಅಂತಾರ."

ಅನಂತ ಮಧ್ಯಾಹ್ನದವರೆಗೆ ತಡೆದು, ಕೊನೆಗೆ ನಾನು ಬದುಕಿದ್ದೇನೆ, ನಂಬಿ, ನಾಳೆ ಟ್ಯೂಷನ್ ಇದೆ ಎಂದು ಇಂಗ್ಲಿಷಿನಲ್ಲಿ ಬರೆದ. ನಂಬಿ ಎನ್ನುವ ಪದದಲ್ಲಿ ಎರಡು ಅಕ್ಷರ ಅದಲುಬದಲು ಮಾಡಿದ. ನಾಳೆಗೆ ಒಂದು ಎಂ ಹೆಚ್ಚಿಗೆ ಕೊಟ್ಟ. ನಾನು ಎಂಬುದನ್ನು ಸಣ್ಣಕ್ಷರಕ್ಕೆ ಇಳಿಸಿದ. ಪೂರ್ಣವಿರಾಮವನ್ನು ಮಾತ್ರ ಅಳಿಸಿ, ಮತ್ತೆ ಹಾಕಿ, ಕೊನೆಗೆ ಅಳಿಸಿದ.

"ಸರ್ ಖರೇನ ಅದಾರ," ಎಂದು ಭೀಮೇಶ ಬರೆದ. ಗುಂಪಿನ ತುಂಬ ಹೂಗುಚ್ಛಗಳು ಸುರಿದವು.

ಸಂಜೆ ಪ್ರಭುಲಿಂಗಪ್ಪ ತಾವೇ ಬಂದರು. ಕೈಚೀಲದಲ್ಲಿ ಹಾರವಿತ್ತು. "ಮುಂಜಾನೆನ ತಗೊಂಡಿದ್ದೆ. ಬಾಡಿಲ್ಲ, ಹಾಕ್ಕೋರಿ," ಎಂದು ಕೊರಳಿಗೆ ಹಾಕಿದರು. ಅನಂತನಿಗೆ ಕಣ್ಣು ತುಂಬಿಬಂತು.

"ಮಕ್ಕಳನ್ನ ನಾಳೆ ಎಷ್ಟೊತ್ತಿಗೆ ಕಳಸ್ತೀರಿ?"

ಪ್ರಭುಲಿಂಗಪ್ಪ ಕುರ್ಚಿಯ ತುದಿಗೆ ಸರಿದರು. "ನೀವು ಉಳದದ್ದು ಭಾಳ ಚಲೋ ಆತು, ಮಾಸ್ತರ. ಆದ್ರ ನೀವು ಮಧ್ಯಾಹ್ನ ಬರದದ್ದನ್ನ ನಮ್ಮ ಓಣ್ಯಾಗ ಎಲ್ಲಾರೂ ನೋಡ್ಯಾರ. ನನ್ನ ಸಣ್ಣ ಮಗಳ ಸುದ್ಧಾ ತಪ್ಪ ಹಿಡದ್ಲು."

"ಅದನ್ನ ಬೇಕಂತ ಹಂಗ ಬರದೇನ್ರಿ."

"ಇರ್ಲಿ. ಮುಂಜಾನೆ ಮಷೀನ್ ಬರದಿತ್ತಲ್ಲ, ಏನ್ ಇಂಗ್ಲಿಷ್ರಿ ಅದು. ಹುಡುಗರು ಕಲತ್ರ ಹಂತಾದ್ದ ಕಲೀಬೇಕು."

"ಅದನ್ನ ಬರದಾಂವ ನಾನ್ರಿ."

ಪ್ರಭುಲಿಂಗಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು. "ಸತ್ತು ಬದುಕಿದ ದಿನ ಸುಳ್ಳ ಹೇಳಬಾರ್ದು," ಎಂದು ಮೆಲ್ಲಗೆ ಹೇಳಿ, ತಮ್ಮ ಫೋನು ಮುಂದೆ ಚಾಚಿದರು. "ಆ ಮಷೀನ್ ಇದ್ರಾಗೂ ಹಾಕಿಕೊಡ್ರಿ. ಹುಡುಗರು ನಿಮ್ಮ ಹೆಸರ ಹೇಳಿ ಕಲೀತಾವು."

ಅನಂತ ಹಾರವನ್ನು ಒಂದು ಬದಿಗೆ ಸರಿಸಿಕೊಂಡು, ಅವರ ಫೋನಿಗೆ ಮಷೀನು ಹಾಕಿಕೊಟ್ಟ.