ಕೆಂಚನ ಕುತ್ತಿಗೆ

ಮೂಲೆಮನೆ ಓಬಕ್ಕನ ಕಂಬಳಿಯಲ್ಲಿ ಚಿಗಟ ಸಿಕ್ಕಿದ್ದೇ ತಡ, ತೋವಿನಕೆರೆಯ ಆ ಬೀದಿಗೆಲ್ಲ ಬೆಳಗಾಯಿತು.

"ಲೇ ಪಾಲಾಕ್ಷ! ನಿನ್ನ ನಾಯಿ ಚಿಗಟ ನನ್ನ ಮೈಮೇಲೆ ಸಂಸಾರ ಹೂಡವೆ ಕಣ್ಲಾ! ಸಂಜೆಯೊಳಗೆ ಏನಾದ್ರೂ ಮಾಡು. ಇಲ್ದಿದ್ರೆ ಕೆಂಚನ್ನ ಲಗೇಜ್ ಆಟೋಗೆ ಹಾಕಿ ಮಧುಗಿರಿ ಆಚೆ ಬುಟ್ಟು ಬತ್ತೀನಿ!"

ಓಬಕ್ಕ ಆಡಿದ್ದನ್ನು ಮಾಡುವವಳು. ಹೋದ ವರ್ಷ ಹಿಂದಿನ ಮನೆಯ ಹುಂಜ ಹಾಗೇ ಊರು ಬಿಟ್ಟಿತ್ತು. ಒಂಟಿ ಪಾಲಾಕ್ಷನ ಮಾತು ಕೇಳುವ ಜೀವ ಅಂತ ಇದ್ದದ್ದು ಕೆಂಚ ಒಂದೇ. ಕೊರಟಗೆರೆಯ ಪಶುವೈದ್ಯೆ ಅನುಪಮಾಗೆ ಫೋನ್ ಮಾಡಿದರೆ, "ಮೊದಲು ನಾಯಿ ತೂಕ ಹೇಳ್ರಿ" ಅಂದರು. ಪಕ್ಕದ ಮನೆ ಕದರಪ್ಪನ ಹುಣಸೆಹಣ್ಣಿನ ತಕ್ಕಡಿ ಮೇಲೆ ಕೆಂಚ ಮದುಮಗನಂತೆ ಕೂತ. ಹದಿನಾಲ್ಕು ಕೆ.ಜಿ. ತೂಗಿದ. ನಾಯಿಯನ್ನು ತನ್ನ ಜಗಲಿಯ ಕಂಬಕ್ಕೆ ಕಟ್ಟಿ ಪಾಲಾಕ್ಷ ಕೊರಟಗೆರೆ ಬಸ್ಸು ಹತ್ತಿದ.

ಡಾಕ್ಟರು ಬೆರಳುದ್ದದ ಟ್ಯೂಬು ಕೊಟ್ಟರು. "ನಾಲಿಗೆಗೆ ಸಿಗದ ಹಾಗೆ ಕುತ್ತಿಗೆ ಹಿಂದೆ, ಕೂದಲು ಬಿಡಿಸಿ ಚರ್ಮಕ್ಕೆ ಬಿಡಿ. ಎರಡು ದಿನ ಸ್ನಾನ ಬೇಡ. ಒಂದು ಅಂದ್ರೆ ಒಂದೇ. ಅದರ ಮೇಲೆ ಇನ್ನೇನಾದ್ರೂ ಹಾಕಿದ್ರೆ ಜೀವಕ್ಕೇ ಅಪಾಯ."

ಮಧ್ಯಾಹ್ನ ಬಂದು ನೋಡಿದರೆ ಕೆಂಚನ ಕುತ್ತಿಗೆ ಕೂದಲು ಅಂಟಂಟು. "ಕಟ್ಟಿಹಾಕಿದ್ರೂ ಎಲ್ಲಿ ಹೊರಳಾಡಿದ್ಯೋ ದರಿದ್ರದವ್ನೆ!" ಎಂದು ಬೈದು, ಬಟ್ಟೆಯಲ್ಲಿ ಒರೆಸಿ ಔಷಧಿ ಬಿಟ್ಟ.

ಅಷ್ಟರಲ್ಲಿ ಕದರಪ್ಪ ಕುರಿಗೆ ಹಾಕುವ ಉಣ್ಣಿಹುಳದ ಔಷಧಿಯ ಬಾಟ್ಲಿ ಹಿಡಿದು ಬಂದ. "ಅದೇನ್ಲಾ ಕಣ್ಣಿಗೆ ಬಿಡೋವಷ್ಟು ಔಷಧಿ! ತಗಾ, ಇದು ಸುರಿ. ನಲವತ್ತು ಕುರಿಗೆ ಹಾಕಿವ್ನಿ."

"ಇದು ಕುರಿನಾ? ಬಾಲ ನೋಡಣ್ಣ, ಬಾಲ! ನಡಿ ಆಚೆ!"

ಕದರಪ್ಪ ಉರಿದುಕೊಂಡು ಹೋದ. ಬೆನ್ನಿಗೇ ಎದುರುಮನೆ ಮಂಜಮ್ಮ ಬೇವಿನಸೊಪ್ಪು ಕುದಿಸಿದ ನೀರಿನ ಹಂಡೆ ಎತ್ತಿಕೊಂಡು ಬಂದಳು. "ಮೈ ತೊಳೆಯಪ್ಪ, ಎಲ್ಲ ಹೋಯ್ತದೆ."

"ಒಂದು ತೊಟ್ಟು ಬಿದ್ರೂ ಹಂಡೆ ಒದ್ದುಬುಡ್ತೀನಿ ಮಂಜಕ್ಕ! ಓದಿರೋ ಡಾಕ್ಟ್ರು ಹೇಳವ್ರೆ!"

"ಒಳ್ಳೇದು ಮಾಡಕ್ಕೆ ಬಂದ್ರೆ ಒದೀತಾನಂತೆ! ಇನ್ನು ಈ ಜಗಲಿ ತುಳಿದ್ರೆ ಕೇಳು!" ಮಂಜಮ್ಮ ಹಂಡೆಯನ್ನು ಚರಂಡಿಗೆ ಬೋರಲು ಹಾಕಿ ಹೋದಳು.

ಪಾಲಾಕ್ಷ ದೊಣ್ಣೆ ಹಿಡಿದು ಸಂಜೆಯವರೆಗೆ ಕಾವಲು ಕೂತ. ಊಟವಿಲ್ಲ, ಕಾಫಿಯಿಲ್ಲ. ಹತ್ತಿರ ಬಂದ ಕಾಗೆಗೂ ಬೈದ.

ಆರು ಗಂಟೆಗೆ ಓಬಕ್ಕ ಬಂದಳು. ಅವಳು ಬಾಯಿ ತೆಗೆಯುವ ಮೊದಲೇ ಪಾಲಾಕ್ಷ ಎದ್ದ. "ಹಾಕಿವ್ನಿ ಕಣಕ್ಕ, ಔಷಧಿ ಹಾಕಿವ್ನಿ! ಇನ್ನು ನನ್ನ ನಾಯಿ ಸುದ್ದಿಗೆ ಬರಬ್ಯಾಡ!"

"ನೀನು ಹಾಕಿದ್ಯಾ?" ಓಬಕ್ಕ ಹುಬ್ಬೇರಿಸಿದಳು. "ನಿನ್ನ ನಂಬ್ಕಂಡ್ರೆ ಆಯ್ತದಾ ಅಂತ, ನೀನು ಬಸ್ಸು ಹತ್ತಿದ ತಕ್ಷಣ ನಾನೇ ಹಾಕಿದ್ನಲ್ಲೋ! ಇದು ಕೆರ್ಕಳ್ಳೋದು ನೋಡಿ ಮೊಮ್ಮಗಳು ಶ್ರುತಿ ನೆನ್ನೆನೇ ಮಧುಗಿರಿಯಿಂದ ತಂದಿಟ್ಟಿದ್ಲು." ಸೆರಗಿನ ಗಂಟಿನಿಂದ ಖಾಲಿ ಟ್ಯೂಬು ಬಿಚ್ಚಿ ತೋರಿಸಿದಳು. ಅದೇ ಬಣ್ಣ, ಅದೇ ಅಳತೆ.

ಪಾಲಾಕ್ಷ ದೊಣ್ಣೆ ಬಿಸಾಕಿ ಅನುಪಮಾಗೆ ನಂಬರು ಒತ್ತಿದ. ಫೋನಿನಲ್ಲಿ ಡಾಕ್ಟರು ಕೂಗಾಡಿದರು. "ಎರಡೆರಡು ಹಾಕಿದ್ರಾ? ಈಗಲೇ ಸೋಪು ಹಚ್ಚಿ, ಉಗುರು ಬೆಚ್ಚಗಿನ ನೀರಲ್ಲಿ ಚೆನ್ನಾಗಿ ತೊಳೀರಿ! ನಡುಗಿದ್ರೆ, ಜೊಲ್ಲು ಸುರಿಸಿದ್ರೆ ತಕ್ಷಣ ಕರ್ಕೊಂಡು ಬನ್ನಿ. ನಾನು ಹೇಳೋವರೆಗೂ ಬೇರೆ ಔಷಧಿ ಮುಟ್ಟಬೇಡಿ!"

ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಪಾಲಾಕ್ಷ ಎದುರುಮನೆ ಬಾಗಿಲಿಗೆ ಹೋಗಿ ನಿಂತ. "ಮಂಜಕ್ಕ... ಒಂದು ಹಂಡೆ ಬಿಸಿನೀರು..."

"ಓದಿರೋ ಡಾಕ್ಟ್ರು ಬೇಡ ಅಂದವ್ರಲ್ಲಪ್ಪ?"

ಕಾಲು ಹಿಡಿಯುವುದೊಂದು ಬಾಕಿ. ಅವಳು ಇನ್ನಷ್ಟು ಬೈದು, ಆಮೇಲೆ ನೀರು ಕೊಟ್ಟಳು.

ಮೂರು ಸಲ ಸೋಪು ಹಾಕಿ ತಿಕ್ಕಿದ ಮೇಲೆ ಕೆಂಚ ನಡುಗಲಿಲ್ಲ, ಜೊಲ್ಲೂ ಸುರಿಸಲಿಲ್ಲ. ಮೈ ಕೊಡವಿ, ಬಾಲ ಆಡಿಸಿ, ಆರಾಮಾಗಿ ಕೂತು ಪರಪರ ಕೆರೆದುಕೊಂಡ.

ಅವನ ಕಿವಿಯಿಂದ ಒಂದು ಚಿಗಟ ಹಾರಿ ಓಬಕ್ಕನ ಸೆರಗಿನ ಮೇಲೆ ಕೂತಿತು. ಓಬಕ್ಕ ಅದನ್ನು ನೋಡಿದಳು. ಆಮೇಲೆ ಬೀದಿ ಕಡೆ ತಿರುಗಿ ಲಗೇಜ್ ಆಟೋದವನನ್ನು ಕೂಗಿದಳು.