ಅಕ್ಕನ ಎದೆಯೊಳಗಿನ ಕಾವಲುಗಾರ

ನಮ್ಮ ವಾರಗಿತ್ತಿ ತೆಂಗಿನಕಾಯಿಯ ಜೊತೆ ಮಾತಾಡುತ್ತಾಳೆ! ನಂಬುವುದಿಲ್ಲವೇ? ಬಿಳಿಗೆರೆಗೆ ಬಂದು ನಮ್ಮ ಅಟ್ಟದ ಕೆಳಗೆ ನಿಂತುಕೊಳ್ಳಿ. "ಇನ್ನೂ ನೀರೈತೆ ನಿಂಗೆ, ಸುಮ್ನೆ ಬಿದ್ಕೊ" ಎಂದು ಗದರುವುದು ಕೇಳಿಸುತ್ತದೆ. ನಾನು ಅಕ್ಕ ಎಂದು ಕರೆಯುವುದು ಇವಳನ್ನೇ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಒಳಗೊಳಗೇ ಒಣಗಲು ಹತ್ತಿರ ಹತ್ತಿರ ವರ್ಷ ಬೇಕು. ಅಲ್ಲಿಯವರೆಗೆ ಅವಳ ಹೊರತು ಯಾರೂ ಮುಟ್ಟುವ ಹಾಗಿಲ್ಲ. ಒಮ್ಮೆ ಮುಟ್ಟಿದ ನಮ್ಮೆಜಮಾನರು ಆ ವಾರವೆಲ್ಲ ಉಪ್ಪಿಲ್ಲದ ಸಾರು ಉಂಡರು!

ಈ ಅಟ್ಟದ ಕಾನೂನನ್ನು ಅವಳು ತನ್ನ ಮೈಗೂ ಹಾಕಿಕೊಂಡಿದ್ದಳು. ಎಣ್ಣೆನೀರಿನ ದಿನ ಬೆನ್ನುಜ್ಜುತ್ತಿದ್ದ ನನ್ನ ಕೈಗೆ ಅವಳ ಎದೆಯ ಪಕ್ಕ ಗಟ್ಟಿಯಾಗಿ ಏನೋ ಸಿಕ್ಕಿತು.

"ಏನಕ್ಕಾ ಇದು?"

"ಮುಟ್ಬ್ಯಾಡ ಕಣೇ. ಬುಟ್ರೆ ತಾನೇ ಒಣಗ್ತೈತೆ."

ಬಿಸಿನೀರಿನ ತಂಬಿಗೆ ಕೆಳಗಿಟ್ಟು, ಯಾವಾಗಿನಿಂದ ಎಂದು ಕೇಳಿದೆ. ಯುಗಾದಿಯಿಂದ ಇದೆಯಂತೆ, ಆರು ತಿಂಗಳ ಮೇಲಾಯಿತು! ಮನುಷ್ಯರ ಮೈ ಅಟ್ಟವೇ?

ಹಟ ಹಿಡಿದು ಆಸ್ಪತ್ರೆಗೆ ಎಳೆದೊಯ್ದರೆ ಕ್ಯಾನ್ಸರ್ ಎಂದರು, ಆಪರೇಷನ್ ಆಯಿತು. ಆ ಕಡೆಯ ಎದೆಯನ್ನೇ ತೆಗೆದರು. ಗಡ್ಡೆಯ ಚೂರು ಪರೀಕ್ಷೆಗೆ ಹೋಯಿತು. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟ ನನಗೂ ತಿಳಿಯಲೆಂದು ಡಾಕ್ಟರಮ್ಮ ಬಿಡಿಸಿ ಹೇಳಿದರು:

"ಗಡ್ಡೆ ಬೆಳೀದಂಗೆ ತಡೆಯೋ ಪ್ರೋಟೀನ್ ಒಂದು ನಮ್ಮೊಳಗೇ ಇರುತ್ತಮ್ಮ, ಕಾವಲುಗಾರನ ಥರ. ರಿಸೆಪ್ಟರ್ ಅಂತ ಇನ್ನೊಂದು. ಹಾರ್ಮೋನು ಬಂದು ಅದರ ಮೇಲೆ ಕೂತ್ರೆ, ಅದು ಹೋಗಿ ಕಾವಲುಗಾರನನ್ನ ಹಿಡ್ಕೊಂಡುಬಿಡುತ್ತೆ. ಗಡ್ಡೆ ಮತ್ತೆ ಬರಬಾರ್ದು ಅಂತ, ಹಾರ್ಮೋನು ಕೂರದಂಗೆ ಮಾಡೋ ಮಾತ್ರೆ ಇದೆ. ಆದ್ರೆ ತೆಗೆದ ಗಡ್ಡೆಯಲ್ಲಿ ರಿಸೆಪ್ಟರ್ ಇದ್ರೆ ಮಾತ್ರ ಆ ಮಾತ್ರೆ ಕೆಲಸ ಮಾಡುತ್ತೆ."

"ಹಂಗಾದ್ರೆ ಕಾವಲ್ನೋನು ನಿದ್ದೆ ಹೊಡೀತಿರ್ಲಿಲ್ಲ ಅನ್ನಿ! ಪಾಪ, ಸುಮ್ಸುಮ್ನೆ ಮನ್ಸಲ್ಲೇ ಬೈಕೊಂಡೆ ಕಣ್ರೀ" ಎಂದಳು ಅಕ್ಕ. ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ರಿಸೆಪ್ಟರ್ ಇಲ್ಲದಿದ್ದರೆ?

ವರದಿ ಬರುವವರೆಗೆ ಫೋನು ಸೆರಗಿನಲ್ಲೇ ಕಟ್ಟಿಕೊಂಡು ತಿರುಗಿದೆ. ಫೋನು ಹೊಡೆದುಕೊಂಡರೆ ಎದೆಯೂ ಹೊಡೆದುಕೊಳ್ಳುತ್ತಿತ್ತು. ಗಡ್ಡೆಯೊಳಗೆ ಇಂಥದ್ದೊಂದು ಇರಲಪ್ಪಾ ಎಂದು ದೇವರಿಗೆ ಹರಕೆ ಹೊತ್ತವರು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು! ದೇವರೂ ತಬ್ಬಿಬ್ಬಾಗಿರಬೇಕು. ಆದರೂ ಕೊಟ್ಟ. ರಿಸೆಪ್ಟರ್ ಇತ್ತು!

ಆಮೇಲೆ ದಿನವೂ ಬೆಳಿಗ್ಗೆ ಮಾತ್ರೆ ನುಂಗಿ, ಸೆರಗಿನೊಳಗೆ ಬಗ್ಗಿ ರಿಸೆಪ್ಟರ್ ಜೊತೆ ಅಕ್ಕನ ಜಗಳ. "ಲೇ, ಬುಡ್ಲಾ ಅವ್ನ ಕೈಯ! ಡ್ಯೂಟಿ ಮಾಡ್ಲಿ!" ಹಾಲು ಹಾಕುವವನು ತನಗೇ ಬೈದಳೆಂದು ಚೊಂಬು ಅಲ್ಲೇ ಬಿಟ್ಟು ಓಡಿದ. ಅವಳು ಕೆಮ್ಮಿದರೆ ನನಗೆ ಭಯ, ಸುಮ್ಮನಿದ್ದರೆ ಇನ್ನೂ ಭಯ. ತಪಾಸಣೆಗೆಂದು ತಿಪಟೂರಿಗೆ ಬಂದು, ಅಲ್ಲಿಂದ ಆಸ್ಪತ್ರೆಯ ಊರಿನ ಬಸ್ಸು ಹತ್ತಿದಾಗಲೆಲ್ಲ ನಾನು ಕಿಟಕಿಯ ಸರಳು ಬಿಗಿಯಾಗಿ ಹಿಡಿಯುತ್ತಿದ್ದೆ, ಅವಳು ಪಕ್ಕದವರಿಗೆ ಕಾವಲುಗಾರನ ಕಥೆ ಹೇಳುತ್ತಿದ್ದಳು.

ಮೊನ್ನೆ ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಅಯ್ಯೋ, ಆ ಮೂಗು, ಆ ಬೆರಳು! ಎಷ್ಟು ಹೇಳಿದರೂ ನನಗೆ ಸಾಲದು. ಎರೆದು ಒರೆಸಿದ ಮೇಲೂ ಮಗು ಅಳು ನಿಲ್ಲಿಸಲಿಲ್ಲ. ಅಕ್ಕ ಎತ್ತಿಕೊಂಡಳು. ಹೊಲಿಗೆ ಹಾಕಿದ ಕಡೆಗೇ ಒರಗಿಸಿಕೊಳ್ಳುತ್ತಿದ್ದಳು.

"ಅಕ್ಕಾ, ನೋಯ್ತದೆ, ಕೊಡು ಇಲ್ಲಿ."

"ಇರ್ಲಿ ಬುಡು. ಬಾ ನಮ್ಮವ್ವ, ಈ ಕಡೆ ಜಾಗ ಖಾಲಿ ಐತೆ, ನಿಂಗೇ ಬುಟ್ಟಿವ್ನಿ."

ಮಗು ಆ ಚಪ್ಪಟೆ ಎದೆಗೆ ಕೆನ್ನೆಯಿಟ್ಟು ನಿದ್ದೆಹೋಯಿತು. ಆಪರೇಷನ್ ದಿನವೂ ಅಳದಿದ್ದ ಅಕ್ಕ, ಮಗುವಿಗೆ ಎಚ್ಚರವಾದೀತೆಂದು ಬಾಯಿ ಬಿಗಿಹಿಡಿದು, ಸದ್ದಿಲ್ಲದೆ ಅತ್ತಳು.