ಒಗೆಯುವ ಕಲ್ಲಿಗೆ ಹೊಳಪು

ಮಂಕಾದ ವಸ್ತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹಿತ್ತಾಳೆ ಚೊಂಬು, ಸೈಕಲ್ ಬೆಲ್ಲು, ಆಫೀಸಿನ ಪೇಪರ್‌ವೇಟು, ಯಾವುದೂ ನನ್ನಿಂದ ಪಾರಾಗಿಲ್ಲ. ಇವರು ಉಜ್ಜದೆ ಬಿಟ್ಟಿರುವುದು ತಮ್ಮ ಬುದ್ಧಿಯೊಂದನ್ನೇ ಎಂದು ನನ್ನ ಹೆಂಡತಿ ಮಂಗಳ ನೆಂಟರ ಮುಂದೆ ಹೇಳುತ್ತಾಳೆ. ನಾನೂ ನಗುತ್ತೇನೆ. ಇನ್ನೇನು ಮಾಡಲಿ?

ಆಗ ನಾನು ಟಿ. ನರಸೀಪುರದಲ್ಲಿ ಗುಮಾಸ್ತ. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಮಂಗಳ ಕಲ್ಲಿನ ಚೂರುಗಳಿಗೆ ತಂತಿ ಸುತ್ತಿ ಪದಕ, ಓಲೆ ಮಾಡುತ್ತಿದ್ದಳು. ಕಲ್ಲು ಒದಗಿಸುವುದು ನನ್ನ ಪಾಲು. ನಂಜನಗೂಡಿನ ಕಡೆ ಕಲ್ಲು ಕೊಯ್ಯುವವರ ಹಿತ್ತಲಲ್ಲಿ ತೆಳುವಾದ ಚಪ್ಪಡಿ ತುಂಡುಗಳು ರಾಶಿ ಬಿದ್ದಿರುತ್ತಿದ್ದವು. ಚೀಲಕ್ಕೆ ತುಂಬಿ ಬಸ್ಸಿನಲ್ಲಿ ತರುತ್ತಿದ್ದೆ. ಒಮ್ಮೆ ಕಂಡಕ್ಟರು ಚೀಲ ಸರಿಸಲು ಹೋಗಿ ಸೊಂಟ ಹಿಡಿದುಕೊಂಡು, “ಏನ್ ಸಾ, ಮನೇನೇ ಕಿತ್ಕಂಡ್ ಒಂಟ್ಬುಟ್ರಾ?” ಎಂದಿದ್ದ.

ಹೊಳಪಿಗೆಂದು ನಾನೇ ಒಂದು ಯಂತ್ರ ಮಾಡಿದ್ದೆ. ಪ್ಲಾಸ್ಟಿಕ್ ಡಬ್ಬಿ, ಅದರಡಿ ಎರಡು ಉರುಳೆ, ಹಳೆಯ ಹೊಲಿಗೆ ಯಂತ್ರದ ಮೋಟಾರು. ಕಲ್ಲು, ನೀರು, ಸಾಣೆ ಹಿಡಿಯುವ ಒರಟು ಪುಡಿ ಹಾಕಿ ಮುಚ್ಚಿ ಉರುಳಲು ಬಿಟ್ಟರೆ ಕಲ್ಲುಗಳು ಒಂದನ್ನೊಂದು ತಿಕ್ಕಿಕೊಂಡು ಅಂಚು ಕಳೆದುಕೊಳ್ಳುತ್ತವೆ. ವಾರದ ಮೇಲೆ ನಯವಾದ ಪುಡಿ, ಆಮೇಲೆ ಇನ್ನೂ ನಯವಾದದ್ದು, ಕೊನೆಗೆ ಹೊಳಪು. ಕರೆಂಟಿನವರು ಮನಸ್ಸು ಮಾಡಿದರೆ ಒಂದು ತಿಂಗಳ ಕೆಲಸ. ಪಕ್ಕದ ಮನೆಯ ಸಿದ್ದಯ್ಯ ಗೋಡೆಯಾಚೆಯಿಂದ ಇಣುಕಿ, “ವಾರದಿಂದ ರಾಗಿ ಬೀಸ್ತಾನೇ ಇದ್ದೀರಲ್ಲ ಸಾ, ಮದ್ವೆ ಗಿದ್ವೆನಾ?” ಎಂದು ಕೇಳಿದ್ದುಂಟು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಆ ಗೊರಗೊರದ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದೆ. ಅರೆನಿದ್ದೆಯಲ್ಲಿ ನಾನೇ ಹೊಳೆಯ ತಳದಲ್ಲಿದ್ದಂತೆ. ಮೇಲೆ ಕಪಿಲೆಯೋ ಕಾವೇರಿಯೋ, ಎರಡೂ ಕಲೆತ ಮೇಲೆ ಯಾರು ಕೇಳುತ್ತಾರೆ? ಹಸಿರು ಬೆಳಕು, ಮೀನುಗಳು, ಅವುಗಳ ಹಿಂದೆ ತೇಲಿ ಹೋಗುವ ನನ್ನ ಫೈಲುಗಳು. ನನ್ನ ಸಿಡುಕು, ಹಟ, ಮೂಲೆ ಮೊನೆಗಳೆಲ್ಲ ಮೆಲ್ಲಗೆ ಸವೆಯುತ್ತಿವೆ. ಅಷ್ಟರಲ್ಲಿ ಕರೆಂಟು ಹೋಗಿ ಸದ್ದು ನಿಲ್ಲುತ್ತಿತ್ತು, ಎಚ್ಚರಾಗುತ್ತಿತ್ತು. ಮೂಲೆ ಮೊನೆಗಳೆಲ್ಲ ಇದ್ದಲ್ಲೇ ಇರುತ್ತಿದ್ದವು.

ಮಂಗಳಳ ತವರು ಬಿಳಿಗೆರೆ ಪಕ್ಕದ ಹಳ್ಳಿ. ಅವಳಮ್ಮ ತೀರಿಕೊಂಡು ವರ್ಷವಾಗಿತ್ತು. ಅವಳಣ್ಣ ಹಿತ್ತಲಿಗೆ ಸಿಮೆಂಟು ಹಾಕಿಸುವಾಗ ಬಟ್ಟೆ ಒಗೆಯುವ ಕಲ್ಲನ್ನು ಒಡೆಸಿಬಿಟ್ಟ. ಇವಳು ಅದರ ಮೇಲ್ಭಾಗದ ಎರಡು ಬೆರಳಗಲದ ಚಕ್ಕೆಯೊಂದನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಳು.

“ಏನೂಂದ್ರೆ, ಪದಕ ಮಾಡ್ಕೋತೀನಿ. ಕತ್ತು ಚುಚ್ಚದ ಹಾಗೆ ಅಂಚು ಮಾತ್ರ ಉಪ್ಪುಕಾಗದದಲ್ಲಿ ತಿಕ್ಕಿಕೊಡಿ. ಮೇಲ್ಗಡೆ ಮುಟ್ಬೇಡಿ. ಅದು ಅಮ್ಮ ಒಗೆದೂ ಒಗೆದೂ ನುಣ್ಣಗಾಗಿರೋದು.”

ಹೂಂ ಎಂದೆ. ಅವಳು ಸುತ್ತೂರಿನ ಅಕ್ಕನ ಮನೆಗೆ ನಾಲ್ಕು ದಿನಕ್ಕೆಂದು ಹೋದಳು. ಚಕ್ಕೆಯನ್ನು ಬೆಳಕಿಗೆ ಹಿಡಿದೆ. ನುಣುಪೇನೋ ಇತ್ತು, ಹೊಳಪು ಮಾತ್ರ ಸಾಲದೆನಿಸಿತು. ನಾಲ್ಕು ದಿನದಲ್ಲಿ ಒಂದಿಷ್ಟಾದರೂ ಮಿನುಗೀತು, ಬಂದವಳು ಬೆರಗಾಗಲಿ ಎಂದು ಡಬ್ಬಿಯೊಳಕ್ಕೆ ಹಾಕಿದೆ.

ಅವಳು ಬಂದ ದಿನ ದೊಡ್ಡ ಜಂಬದಿಂದ ಮುಚ್ಚಳ ತೆಗೆದು, ಚಕ್ಕೆಯನ್ನು ತೊಳೆದು ಅವಳ ಅಂಗೈಗಿಟ್ಟೆ. ಚಕ್ಕೆಯೆಲ್ಲ ಬೂದಿಯ ಹಾಗೆ ಮಂಕಾಗಿತ್ತು. ಹೊಸ ಹೊಳಪು ಕೊಡುವ ಮೊದಲು ಒರಟು ಪುಡಿ ಇದ್ದ ಹೊಳಪನ್ನು ತಿಂದುಬಿಡುತ್ತದೆ. ನೂರು ಕಲ್ಲು ಉರುಳಿಸಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಡಬ್ಬಿಗೆ ಹಾಕುವಾಗ ತಲೆಗೆ ಹೊಳೆಯಲಿಲ್ಲ, ಅಷ್ಟೆ.

ಅವಳು ಹೆಬ್ಬೆರಳಿನಿಂದ ಸವರಿದಳು, ಮಗುಚಿ ಸವರಿದಳು.

“ಇನ್ನು ಮೂರು ವಾರ ತಡಿ ಮಂಗಳ, ಮುಖ ಕಾಣೋ ಹಾಗೆ ಹೊಳೆಯುತ್ತೆ” ಎಂದೆ.

“ಯಾರ ಮುಖ?” ಎಂದಳು. “ನಿಮ್ದೇ ತಾನೆ?” ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಚಕ್ಕೆಯನ್ನು ಕಿಟಕಿಯಲ್ಲಿಟ್ಟು ಅನ್ನಕ್ಕಿಡಲು ಹೋದಳು.

ಮುಂದಿನ ಭಾನುವಾರ ಯಂತ್ರ ಹಾಕಲಿಲ್ಲ. ಚಕ್ಕೆ, ಸೋಪು, ನನ್ನದೊಂದು ಕರ್ಚೀಫು ಹಿಡಿದು ಹಿತ್ತಲ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಉಜ್ಜತೊಡಗಿದೆ. ಎರಡು ಬೆರಳಗಲದ ಕಲ್ಲಿನ ಮೇಲೆ ಕರ್ಚೀಫು ಒಗೆಯುವುದು ಹುಡುಗಾಟವಲ್ಲ. ಮಂಗಳ ಬಾಗಿಲಿಗೆ ಬಂದು ಬಹಳ ಹೊತ್ತು ನೋಡಿದಳು.

“ಅಮ್ಮಂಗೆ ನಲವತ್ತು ವರ್ಷ ಹಿಡೀತು” ಎಂದಳು. ಮತ್ತೆ ಮೆಟ್ಟಿಲ ಮೇಲೆ ಕೂತು, “ಸೋಪು ಜಾಸ್ತಿ ಆಯ್ತು, ನೀರು ಬಿಡಿ” ಎಂದಳು.

ಉಜ್ಜುತ್ತ ಉಜ್ಜುತ್ತ ಮಣಿಕಟ್ಟು ನೋಯತೊಡಗಿತು. ಆಗ ನೆನಪಾಯಿತು. ಹಬ್ಬಕ್ಕೆ ಅತ್ತೆಮನೆಗೆ ಹೋದಾಗಲೆಲ್ಲ ಬಸ್ಸಿನ ಧೂಳು ಹಿಡಿದ ಪ್ಯಾಂಟನ್ನು ಗೂಟಕ್ಕೆ ಸಿಕ್ಕಿಸಿ ಒಬ್ಬಟ್ಟಿಗೆ ಕೂರುತ್ತಿದ್ದೆ. ಬೆಳಗಾಗುವುದರೊಳಗೆ ಅದು ಒಗೆದು ಮಡಿಚಿ ನನ್ನ ಬ್ಯಾಗಿನ ಮೇಲಿರುತ್ತಿತ್ತು. ಒಗೆದವರು ಯಾರೆಂದು ಹದಿನೆಂಟು ವರ್ಷದಲ್ಲಿ ಒಂದು ದಿನವೂ ನಾನು ಕೇಳಿರಲಿಲ್ಲ. ನಾನು ನಾಲ್ಕು ದಿನದಲ್ಲಿ ಅಳಿಸಿ ಹಾಕಿದ ಹೊಳಪಿನಲ್ಲಿ ಅಷ್ಟು ಪ್ಯಾಂಟುಗಳೂ ಇದ್ದವು.

ಕರ್ಚೀಫನ್ನು ಹಿಂಡಿ ತಂತಿಗೆ ಹಾಕಿ, ನನ್ನ ಪ್ಯಾಂಟು ತರಲು ಒಳಗೆ ಹೋದೆ.